ಹಸಿರು ಚೀಟಿ

ನಿನೊಮಿಯಾ ಲಾಂಡ್ರಿಯ ಹಿಸಾನೊಗೆ ನಮ್ಮ ಓಜು ಊರಿನವರು ಇಟ್ಟ ಹೆಸರು ಹದ್ದಿನ ಕಣ್ಣು. ಎದುರಿಗೆ ಯಾರೂ ಹಾಗೆ ಕರೆದವರಲ್ಲ, ಅಷ್ಟು ಧೈರ್ಯ ಯಾರಿಗಿತ್ತು? ಊರಿನ ಅರ್ಧದಷ್ಟು ಜನರ ಕೋಟು, ಷರಟು, ಶಾಲೆಯ ಸಮವಸ್ತ್ರ, ಸಾವಿನ ಮನೆಗೆ ಹಾಕುವ ಕರಿ ಉಡುಪು ಎಲ್ಲವೂ ಆಕೆಯ ಕೈಯ ಮೇಲೇ ಹಾದುಹೋಗಬೇಕು. ಕಾಲರಿನ ಮೇಲೆ ಸಾಸಿವೆಯಷ್ಟು ಸೋಯಾ ರಸ ಬಿದ್ದಿದ್ದರೂ ಬಾಗಿಲಿನಿಂದಲೇ ಹಿಡಿಯುತ್ತಿದ್ದಳು. ಹಿಡಿದು, ನಿನ್ನೆ ಎಲ್ಲಿ ಊಟ ಮಾಡಿದಿರಿ ಎಂದು ಕೇಳುತ್ತಿರಲಿಲ್ಲ, ಅದು ಆಕೆಯ ದೊಡ್ಡತನ.

ಬಟ್ಟೆ ಕೌಂಟರಿನ ಮೇಲೆ ಬಿದ್ದ ಕೂಡಲೇ ಮೊದಲು ಜೇಬಿಗೆ ಕೈ. ಇದು ಲಾಂಡ್ರಿ ಕಸುಬಿನ ಮೊದಲ ಪಾಠ. ಒಂದು ಪೆನ್ನು ಒಳಗೆ ಉಳಿದರೆ ಒಂದು ಯಂತ್ರದ ತುಂಬ ಬಟ್ಟೆ ಹಾಳು. ಜೇಬಿನಲ್ಲಿ ಏನೇ ಸಿಗಲಿ, ಅದನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಟ್ಟೆ ಕೊಡುವಾಗ "ಜೇಬಲ್ಲಿ ಸಿಕ್ಕಿತು" ಎಂದು ಹೇಳಿ ಮುಂದಿಡುವಳು. ಅದರ ಮೇಲೆ ಇನ್ನೊಂದು ಮಾತಿಲ್ಲ. ಕಳಚಿಟ್ಟ ಮದುವೆಯ ಉಂಗುರ, ದೂರದ ಊರಿನ ಹೋಟೆಲಿನ ಬೆಂಕಿಪೊಟ್ಟಣ, ಹೆಂಡತಿಗಲ್ಲದ ಯಾರಿಗೋ ಬರೆದು ಅಂಚೆಗೆ ಹಾಕದೆ ಉಳಿದ ಪತ್ರ, ಹೀಗೆ ನಲವತ್ತೊಂದು ವರ್ಷದಲ್ಲಿ ಆಕೆ ಕಾಣದ್ದಿಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿ ಹಾಕಿಕೊಂಡಳು. ಊರಿನ ಎಷ್ಟೋ ಸಂಸಾರಗಳು ಉಳಿದುಕೊಂಡಿರುವುದು ಆ ಸಣ್ಣ ಚೀಲಗಳಿಂದ ಎಂದರೆ ಸುಳ್ಳಲ್ಲ.

ಬಾಯಿ ಸುಮ್ಮನಿದ್ದ ಮಾತ್ರಕ್ಕೆ ಮನಸ್ಸು ಸುಮ್ಮನಿರುತ್ತದೆಯೇ? ಜನ ಹೇಳುವುದೊಂದು, ಜೇಬು ಹೇಳುವುದೊಂದು ಎಂದು ದಿನವೂ ಕಂಡವಳಿಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ, ಒಬ್ಬ ಗಂಡನನ್ನು ಬಿಟ್ಟು. ಮೊರಿಯೊ ಎಂಬ ಆ ಮನುಷ್ಯನ ಜೇಬಿನಲ್ಲಿ ಒಂದು ಕರ್ಚೀಫು, ಎರಡು ಗಂಟಲು ಮಾತ್ರೆ ಬಿಟ್ಟರೆ ಮೂರನೆಯದು ಸಿಕ್ಕಿದ್ದೇ ಇಲ್ಲ. ಯಂತ್ರ ಓಡಿಸುವುದು, ವ್ಯಾನಿನಲ್ಲಿ ಬಟ್ಟೆ ಹಂಚುವುದು ಅವನ ಕೆಲಸ. ಕಲೆ ತೆಗೆಯುವುದು, ಇಸ್ತ್ರಿ, ಮಡಿಕೆ ಆಕೆಯದು. ಕಲೆಯ ಕೆಲಸಕ್ಕೆ ಅವನು ಕೈ ಹಾಕಿದ ಒಂದೇ ಒಂದು ಸಲ ವೈದ್ಯರ ಹೆಂಡತಿಯ ರೇಷ್ಮೆ ಕುಪ್ಪಸ ತೂತಾಗಿತ್ತು. ಆಮೇಲೆ ಆಕೆ ಅವನನ್ನು ಆ ಮೇಜಿನ ಹತ್ತಿರ ಸುಳಿಯಗೊಡಲಿಲ್ಲ.

ಹೋದ ಶರತ್ಕಾಲದಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೊರಿಯೊಗೆ ಇದ್ದಕ್ಕಿದ್ದಂತೆ ಕೋಟೆಯ ಹುಚ್ಚು ಹತ್ತಿತು. ನಮ್ಮ ಕಡೆ ಮುದುಕರಿಗೆ ಇದು ಹೊಸ ರೋಗವಲ್ಲ. ಒಂದೊಂದು ಕೋಟೆಯಲ್ಲೂ ಒಂದೊಂದು ರಬ್ಬರ್ ಮುದ್ರೆ ಇಟ್ಟಿರುತ್ತಾರೆ. ಅದನ್ನು ಪುಸ್ತಕದಲ್ಲಿ ಒತ್ತಿಸಿಕೊಂಡು ಪುಟ ತುಂಬಿಸುತ್ತ ಊರೂರು ತಿರುಗುತ್ತಾರೆ. ಅಂಗಡಿಗೆ ಗುರುವಾರ ರಜೆ. ಪ್ರತಿ ಗುರುವಾರ ಬೆಳಿಗ್ಗೆ ಮೊರಿಯೊ ಪುಸ್ತಕ ಹಿಡಿದು ವ್ಯಾನು ಹತ್ತಿದರೆ ಬರುವುದು ಸಂಜೆಗೆ. ಮಗ್ಗುಲಲ್ಲೇ ಇರುವ ನಮ್ಮೂರ ಕೋಟೆಯನ್ನು ನಲವತ್ತು ವರ್ಷ ಹತ್ತದಿದ್ದ ಗಂಡಸು ಇವನು. ಹಿಸಾನೊ ನಕ್ಕು ಸುಮ್ಮನಾದಳು. ಮನೆಯಲ್ಲಿ ಒಂದು ದಿನ ಕಾಲಿಗೆ ತೊಡರುವ ಗಂಡಸಿಲ್ಲದಿದ್ದರೆ ಎಷ್ಟು ಹಾಯಿ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡಳು ಕೂಡ.

ಮಾರ್ಚಿನ ಮೊದಲ ಶುಕ್ರವಾರ ಬೆಳಿಗ್ಗೆ ಅವನ ಜಾಕೆಟ್ಟನ್ನು ಕೊಡವುತ್ತ ಅಭ್ಯಾಸದಂತೆ ಒಳಜೇಬಿಗೆ ಕೈ ಹಾಕಿದಳು. ಬೆರಳಿಗೆ ಒಂದು ಕಾಗದದ ಚೂರು ಸಿಕ್ಕಿತು. ಹಸಿರು ಚೀಟಿ, ಬೆರಳುದ್ದ, ಮೇಲೊಂದು ಸಂಖ್ಯೆ, ತುದಿಯಲ್ಲಿ ಪಿನ್ನು ಹೊಡೆದ ಎರಡು ತೂತು. ಬೇರೆ ಯಾರಾದರೂ ಕಸವೆಂದು ಎಸೆಯುತ್ತಿದ್ದರು. ಲಾಂಡ್ರಿಯವಳಿಗೆ ಗೊತ್ತಾಗದೆ ಇರುತ್ತದೆಯೇ, ಅದು ಒಗೆಯಲು ಬಂದ ಬಟ್ಟೆಗೆ ಹೊಡೆಯುವ ಗುರುತಿನ ಚೀಟಿ. ನಿನೊಮಿಯಾ ಲಾಂಡ್ರಿಯ ಚೀಟಿ ಗುಲಾಬಿ. ಈ ಹಸಿರು ಯಾರದು?

ಲಾಂಡ್ರಿ ಇಟ್ಟುಕೊಂಡವನು ತನ್ನ ಬಟ್ಟೆಯನ್ನು ಇನ್ನೊಂದು ಲಾಂಡ್ರಿಗೆ ಕೊಡುವುದೆಂದರೇನು? ಹೆಂಡತಿಯ ಕಣ್ಣಿಗೆ ಬೀಳಬಾರದ ಕಲೆ ಅದರ ಮೇಲಿದ್ದರೆ ಮಾತ್ರ. ಅಂಥ ಕಲೆಗಳು ಯಾವುವೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುಟಿಯ ಬಣ್ಣ, ಮುಖದ ಪೌಡರು, ಸೆಂಟು, ಇವನ್ನು ಪರಗಂಡಸರ ಷರಟಿನಿಂದ ತೆಗೆದು ತೆಗೆದೇ ಆಕೆ ಬಾಳು ಸವೆಸಿದ್ದು. ಜೇಬು ನೋಡಿಕೊಂಡು ಕೊಡಿ ಎಂದು ಗಿರಾಕಿಗಳಿಗೆಲ್ಲ ಬೋಧನೆ ಮಾಡುತ್ತಿದ್ದ ಗಂಡ ಈಗ ತನ್ನ ಜೇಬನ್ನೇ ಮರೆತಿದ್ದ. ಕೋಟೆಯ ಪುಸ್ತಕ ತೆಗೆದು ನೋಡಿದಳು. ಆರು ತಿಂಗಳ ಗುರುವಾರಗಳಿಗೆ ಇದ್ದದ್ದು ನಾಲ್ಕೇ ಮುದ್ರೆ.

ಚೀಟಿಯನ್ನು ಸಣ್ಣ ಚೀಲಕ್ಕೆ ಹಾಕಿದಳು. ಆದರೆ ಕೊಡಲಿಲ್ಲ. ನಲವತ್ತೊಂದು ವರ್ಷದಲ್ಲಿ ಆಕೆ ಇಟ್ಟುಕೊಂಡ ಮೊದಲ ಚೀಲ ಅದು. ಊಟಕ್ಕೆ ಕುಳಿತಾಗ, ಬರುವ ಗುರುವಾರ ತಾನೂ ಕೋಟೆ ನೋಡಲು ಬರುತ್ತೇನೆ ಎಂದಳು. ಮೊರಿಯೊ ಮೂಲಂಗಿ ಉಪ್ಪಿನಕಾಯಿ ಅಗಿಯುವುದನ್ನು ನಿಲ್ಲಿಸಿದ. ಮೆಟ್ಟಿಲು ಕಡಿದಾಗಿರುತ್ತದೆ, ನಿನ್ನ ಮಂಡಿ ಎಂದು ರಾಗ ಎಳೆದ. ಮಂಡಿ ನನ್ನದು ತಾನೇ ಎಂದಳು ಆಕೆ.

ಹಾಗೆ ಹೊರಟದ್ದು. ಹೊರಗಿನವರಿಗೆ ಅದು ಮುದಿ ಗಂಡ ಹೆಂಡಿರ ಸುಖದ ಸುತ್ತಾಟ. ಒಳಗೆ ಹಿಸಾನೊ ಒಂದು ನಿರ್ಧಾರ ಮಾಡಿಕೊಂಡಿದ್ದಳು. ಹೆಂಗಸೊಬ್ಬಳು ಇರುವುದು ನಿಜವಾದರೆ ಅವನ ಜೊತೆ ಅದೇ ವ್ಯಾನಿನಲ್ಲಿ ಮನೆಗೆ ಬರುವುದಿಲ್ಲ. ಅಂದಿನ ಕೋಟೆಯ ಊರು ಉವಾಜಿಮಾದಿಂದ ಮಧ್ಯಾಹ್ನ ಮೂರೂ ಮುಕ್ಕಾಲಿನ ರೈಲು ಹತ್ತಿ ಮತ್ಸುಯಾಮಾದ ತಂಗಿಯ ಮನೆಗೆ ಹೋಗುವುದು, ಆಮೇಲೆ ಓಜುವಿನ ಮುಖ ನೋಡುವುದಿಲ್ಲ. ಪರ್ಸಿನಲ್ಲಿ ಚೀಟಿಯ ಚೀಲದ ಪಕ್ಕ ರೈಲಿನ ಹೊತ್ತು ಬರೆದಿಟ್ಟುಕೊಂಡಿದ್ದಳು.

ವ್ಯಾನಿನ ಹಿಂಭಾಗದಲ್ಲಿ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು ಕಂಡಿತು. ಏನದು ಎಂದರೆ, ಬಿಸಿನೀರಿನ ಬುಗ್ಗೆಗೆ ಹೋದರೆ ಬದಲಿ ಬಟ್ಟೆ ಬೇಕಲ್ಲ ಎಂದ. ಇಬ್ಬರ ಸ್ನಾನಕ್ಕೆ ಇಷ್ಟು ದೊಡ್ಡ ಗಂಟೇ? ಬಟ್ಟೆಬರೆ ಸಾಗಿಸುವ ಹಂತಕ್ಕೆ ಬಂದಿದ್ದಾನೆ ಎಂದುಕೊಂಡಳು. ಕಣ್ಣು ಹಾದಿಯ ಕಡೆ, ಮನಸ್ಸು ಗಂಟಿನ ಕಡೆ. ಆಕಾಶವೆಲ್ಲ ಮಂಕಾಗಿ ಹಳದಿಯಾಗಿತ್ತು.

"ಚೀನಾದ ಮರುಭೂಮಿಯ ಮರಳು ಗಾಳಿಗೆ ಹಾರಿ ಬಂದಿದೆ ನೋಡಿ. ಇವತ್ತು ಯಾರೂ ಬಟ್ಟೆ ಹೊರಗೆ ಹಾಕಬಾರದು."

ಮೊರಿಯೊ ಒಂದು ಗಳಿಗೆ ಆಕೆಯ ಕಡೆ ನೋಡಿ, ಮತ್ತೆ ರಸ್ತೆ ನೋಡಿದ.

"ಇರಬಹುದು," ಎಂದ.

ಯವತಾಹಾಮಾ ಬಂದರಿನಲ್ಲಿ ಗಾಡಿ ನಿಲ್ಲಿಸಿದರು. ಆಗತಾನೇ ಎಣ್ಣೆಯಿಂದ ತೆಗೆದ ಮೀನಿನ ಹಿಟ್ಟಿನ ವಡೆ ಕೊಂಡು, ಕಡಲಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ತಿಂದರು. ದೋಣಿಯವರು ಬಲೆ ತೊಳೆಯುತ್ತ ಒಬ್ಬರನ್ನೊಬ್ಬರು ಬೈದಾಡುತ್ತಿದ್ದರು. ಮೊರಿಯೊ ದೊಡ್ಡ ಕಿತ್ತಳೆ ಸುಲಿದು, ಬಿಳಿ ನಾರು ತೆಗೆದು, ಒಂದೊಂದೇ ತೊಳೆ ಆಕೆಯ ಕೈಗಿಟ್ಟ. ಮನಸ್ಸಿನಲ್ಲಿ ಹುಳ ಇಲ್ಲದಿದ್ದರೆ ಎಂಥ ಚಂದದ ಬೆಳಗು! ಮದುವೆಯಾದ ಮೇಲೆ ಹೀಗೆ ಕುಳಿತದ್ದು ಎಷ್ಟು ಸಲ ಎಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಕು. ಅದೇ ಆಕೆಗೆ ಇನ್ನಷ್ಟು ಗುಮಾನಿ ಹುಟ್ಟಿಸಿತು. ಇವನಿಗೆ ಕಿತ್ತಳೆ ಸುಲಿದುಕೊಡಲು ಕಲಿಸಿದವರು ಯಾರು? ಅಷ್ಟರಲ್ಲಿ ಅವನು ಕರ್ಚೀಫು ತೆಗೆದು ಆಕೆಯ ಅಂಗಿಯ ತೋಳನ್ನು ಮೆಲ್ಲಗೆ ಒರೆಸಿದ.

"ಎಣ್ಣೆ ಬಿದ್ದಿದೆ ಕಣೆ ಇಲ್ಲಿ."

ನೋಡಿಕೊಂಡಳು. ಎಣ್ಣೆಯೂ ಇರಲಿಲ್ಲ, ಗಿಣ್ಣೆಯೂ ಇರಲಿಲ್ಲ. ತಲೆಗೂದಲು ಅರ್ಧಕ್ಕೆ ಕತ್ತರಿಸಿಕೊಂಡು ಬಂದಾಗ ಗಮನಿಸದ ಗಂಡ ಈಗ ಇಲ್ಲದ ಕಲೆ ಒರೆಸುತ್ತಿದ್ದಾನೆ. ತಪ್ಪು ಮಾಡಿದ ಗಂಡಸರು ಹೀಗೆಯೇ, ಹೆಂಡತಿಯ ಮೈಮೇಲಿನ ಧೂಳು ಕೊಡವಲು ಶುರು ಮಾಡುತ್ತಾರೆ. ತೋಳು ಎಳೆದುಕೊಂಡಳು.

ಅಲ್ಲಿಂದ ಕಡಲಂಚಿನ ರಸ್ತೆ. ಗುಡ್ಡದ ತುದಿಯವರೆಗೆ ಕಲ್ಲುಕಟ್ಟೆಯ ಕಿತ್ತಳೆ ತೋಟಗಳು, ಕೆಳಗೆ ನಾಲ್ಕೈದು ಮೀನುಗಾರರ ಕೇರಿಗಳು. ಮೊರಿಯೊ ಒಂದು ಕಡೆಯೂ ಹಲಗೆ ಓದಲಿಲ್ಲ, ತಿರುವು ಬರುವ ಮೊದಲೇ ಗಾಡಿ ನಿಧಾನವಾಗುತ್ತಿತ್ತು. ಉವಾಜಿಮಾ ಕೋಟೆಯ ಪುಟ ಅವನ ಪುಸ್ತಕದಲ್ಲಿ ಖಾಲಿ. ಹಾಗಿದ್ದರೆ ಈ ರಸ್ತೆ ಇಷ್ಟು ಬಾಯಿಪಾಠವಾದದ್ದು ಹೇಗೆ? ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾನೆ ಎಂದು ತಿರುವುಗಳನ್ನು ಎಣಿಸುತ್ತ ಕುಳಿತಳು.

ಉವಾಜಿಮಾ ಕೋಟೆ ಗುಡ್ಡದ ತಲೆಯ ಮೇಲಿದೆ. ಪಾಚಿ ಹಿಡಿದ ಕಲ್ಲು ಮೆಟ್ಟಿಲು ಹತ್ತಿ ಮೇಲೆ ಬಂದಾಗ ಇಬ್ಬರಿಗೂ ಏದುಸಿರು. ಮೂರಂತಸ್ತಿನ ಚಿಕ್ಕ ಬಿಳಿ ಗೋಪುರ. ಹಿಸಾನೊ ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡಿದಳು, ಕಸುಬಿನ ಕಣ್ಣಿನಿಂದ. ಸುಣ್ಣ ಬಳಿಸಿ ಎಷ್ಟು ಕಾಲವಾಯಿತೋ, ಹಳೆ ಬನಿಯನ್ನಿನ ಹಾಗೆ ಹಳದಿ ತಿರುಗಿದೆ ಎಂದು ಗಟ್ಟಿಯಾಗಿಯೇ ಅಂದಳು. ಟಿಕೆಟ್ ಕೊಡುವ ಹೆಂಗಸು ತಲೆಯೆತ್ತಿ ಗೋಡೆ ನೋಡಿದಳು, ಆಮೇಲೆ ಹಿಸಾನೊಳನ್ನು ನೋಡಿದಳು. ಮೊರಿಯೊ ನೆಲ ನೋಡಿದ.

ಒಳಗೆ ಹೋಗುವಾಗ ಷೂ ಬಿಚ್ಚಿ ಎಂದರು. ಮೊರಿಯೊ ತಬ್ಬಿಬ್ಬಾದ. ಬಿಚ್ಚಿದರೆ ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗೆ. ಹಿಸಾನೊಗೆ ಅಷ್ಟು ಸಾಕಾಯಿತು. ಆರು ತಿಂಗಳು ಕೋಟೆ ಸುತ್ತಿದವನಿಗೆ ಹಳೆಯ ಮರದ ಗೋಪುರದೊಳಗೆ ಷೂ ಬಿಚ್ಚಬೇಕೆಂದು ಗೊತ್ತಿಲ್ಲವೇ? ಬಾಗಿಲಿನಲ್ಲಿ ಮುದ್ರೆ ಒತ್ತಿಸಿಕೊಂಡು ಓಡಿದವನು ಇವನು, ಒಂದು ಕೋಟೆಯನ್ನೂ ಹತ್ತಿದವನಲ್ಲ. ಏಣಿಯಂಥ ಮೆಟ್ಟಿಲಿನಲ್ಲಿ ಅವನು ಮುಂದೆ, ಆಕೆ ಹಿಂದೆ. ಆ ಹೆಬ್ಬೆರಳನ್ನೇ ನೋಡುತ್ತ ಹತ್ತಿದಳು. ಸಿಟ್ಟು ಬರುತ್ತಿತ್ತು, ಅದರ ಜೊತೆಗೆ ಅಳುವೂ ಬರುತ್ತಿತ್ತು. ಹೊಸ ಹೆಂಗಸಿದ್ದರೆ ಕಾಲುಚೀಲವನ್ನಾದರೂ ಹೊಲಿಯಬಾರದೇ ಎಂದೂ ಅನ್ನಿಸಿತು.

ಮೇಲಿನ ಕಿಟಕಿಯಿಂದ ಬಂದರು, ಅದರಾಚೆ ದ್ವೀಪಗಳು. ಆ ಬಿಳಿ ದೋಣಿ ಕಾಣುತ್ತದಾ ಎಂದು ಮೊರಿಯೊ ಬೆರಳು ತೋರಿಸಿ ಕೇಳಿದ. ಈ ಧೂಳಿನಲ್ಲಿ ದೋಣಿ ಎಲ್ಲಿಂದ ಕಾಣಬೇಕು ಎಂದಳು. ಅವನು ಕಿಟಕಿಯ ಕಟ್ಟಿಗೆಯನ್ನು ಉಗುರಿನಿಂದ ಕೆರೆಯುತ್ತ ನಿಂತ.

"ಹಿಸಾನೊ, ನಿಂಗೊಂದು ಮಾತು ಹೇಳ್ಬೇಕು ಅಂತ..."

ಅಷ್ಟರಲ್ಲಿ ನಾಲ್ಕೈದು ಜನ ಪ್ರವಾಸಿಗಳು ದಡದಡ ಹತ್ತಿ ಬಂದರು. ಮೊರಿಯೊ ಮಾತು ಬದಲಾಯಿಸಿದ. ಹಸಿವಾಗಿಲ್ಲವಾ, ಇಳಿಯೋಣ ಎಂದ.

ಇಳಿದು ಬೀದಿಗೆ ಬಂದರೆ ಮೂಲೆಯಲ್ಲಿ ಮತ್ತೊಂದು ಮೀನಿನ ವಡೆಯ ಅಂಗಡಿ. ಹಲ್ಲಿಲ್ಲದ ಮುದುಕಿ ಮೊರಿಯೊನನ್ನು ಕಂಡದ್ದೇ ಬಾಯಗಲಿಸಿದಳು.

"ಎಂದಿನ ಹಾಗೆ ಎರಡು ತಾನೇ?"

ಮೊರಿಯೊನ ಕಿವಿ ಕೆಂಪಾಯಿತು. ಅವಳು ಬೇರೆ ಯಾರನ್ನೋ ಅಂದುಕೊಂಡಿದ್ದಾಳೆ ಎಂದು ಗೊಣಗುತ್ತಲೇ ಎರಡು ಕೊಂಡು ಕಾಗದದಲ್ಲಿ ಸುತ್ತಿಸಿಕೊಂಡ. ಎಂದಿನ ಹಾಗೆ. ಎರಡು. ಹಿಸಾನೊ ಪರ್ಸನ್ನು ಎದೆಗೆ ಒತ್ತಿಕೊಂಡಳು. ಇನ್ನು ಅನುಮಾನಕ್ಕೆ ಜಾಗವೇ ಉಳಿದಿರಲಿಲ್ಲ, ಮುಖವೊಂದನ್ನು ನೋಡುವುದು ಬಾಕಿ.

ಊಟದ ಅಂಗಡಿಯಲ್ಲಿ ಹಸಿ ಮೀನು, ಮೊಟ್ಟೆ ಕಲಸಿದ ಅನ್ನ ಬಂತು. ನಾಲ್ಕು ತುತ್ತು ತಿಂದ ಮೊರಿಯೊ, ಗಾಡಿಗೆ ಪೆಟ್ರೋಲು ಹಾಕಿಸಿಕೊಂಡು ಬರುತ್ತೇನೆ, ನೀನು ನಿಧಾನವಾಗಿ ಊಟ ಮಾಡು ಎಂದು ಎದ್ದ. ವಡೆಯ ಪೊಟ್ಟಣ ಮಾತ್ರ ಮರೆಯದೆ ತೆಗೆದುಕೊಂಡ. ಹಿಸಾನೊ ಅವನ ಬೆನ್ನು ಮರೆಯಾಗುವವರೆಗೆ ಕಾದು ಚಾಪ್‌ಸ್ಟಿಕ್ ಕೆಳಗಿಟ್ಟಳು. ಒಂದಗುಳು ಅನ್ನ ಬಿಟ್ಟು ಎದ್ದವಳಲ್ಲ ಆಕೆ, ಅಂದು ಅರ್ಧ ಬಟ್ಟಲು ಬಿಟ್ಟು ಎದ್ದಳು.

ಬೀದಿಯಲ್ಲಿ ಹುಡುಕಬೇಕಾಗಲಿಲ್ಲ. ಎರಡನೆಯ ಓಣಿಯಲ್ಲೇ ಮೂಗು ಹೇಳಿತು. ಬಿಸಿ ಹಬೆ, ಸೀಮೆಎಣ್ಣೆಯಂಥ ಡ್ರೈಕ್ಲೀನಿಂಗ್ ದ್ರಾವಣದ ವಾಸನೆ, ಆಕೆಯ ಸ್ವಂತ ಮನೆಯ ವಾಸನೆ. ಸಣ್ಣ ಲಾಂಡ್ರಿ, ಮುಂದೆ ತಮ್ಮ ವ್ಯಾನು. ಗಾಜಿನಾಚೆ ಮೊರಿಯೊ ನಿಂತಿದ್ದ. ಕೌಂಟರಿನ ಹಿಂದೆ ಐವತ್ತರ ಹತ್ತಿರದ ಒಬ್ಬ ಹೆಂಗಸು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡವಳು, ನೀಟಾದ ಮುಖದವಳು. ವಡೆಯ ಪೊಟ್ಟಣ ಬಿಚ್ಚಿತ್ತು. ಇಬ್ಬರೂ ಯಾವುದೋ ಒಂದರ ಮೇಲೆ ತಲೆಗೆ ತಲೆ ತಾಗುವಷ್ಟು ಬಾಗಿ ಪಿಸುಗುಟ್ಟುತ್ತಿದ್ದರು.

ಹಿಸಾನೊ ಬಾಗಿಲು ತಳ್ಳಿದಳು. ಗಂಟೆ ಸದ್ದಾಯಿತು. ಪರ್ಸು ತೆಗೆದು, ಆ ಸಣ್ಣ ಚೀಲವನ್ನು ಕೌಂಟರಿನ ಮೇಲಿಟ್ಟಳು.

"ಜೇಬಲ್ಲಿ ಸಿಕ್ಕಿತು."

ಆ ಹೆಂಗಸು, ಒಕಿಹಾರಾ ಎಂದು ಅಂಗಡಿಯ ಮೇಲೆ ಬರೆದಿತ್ತು, ಚೀಲ ಎತ್ತಿ ನೋಡಿ, ಇದು ನಮ್ಮದೇ ನೀಲಿ ಚೀಟಿ ಎಂದಳು. ನೀಲಿಯಲ್ಲ ಹಸಿರು ಎಂದು ಹಿಸಾನೊ ತಿದ್ದಿದಳು. ಗಂಡನ ಜೊತೆಗೆ ಬಣ್ಣವನ್ನೂ ಬದಲಾಯಿಸಲು ಹೊರಟಿದ್ದಾಳೆ ಎಂದು ಮೈ ಉರಿಯಿತು. ಒಕಿಹಾರಾ ಮೊರಿಯೊನ ಕಡೆ ನೋಡಿದಳು.

ಆಗಲೇ ಹಿಸಾನೊ ಕೌಂಟರಿನ ಮೇಲಿದ್ದುದನ್ನು ಕಂಡದ್ದು. ಬೆಳಗಿನ ಗಂಟು ಬಿಚ್ಚಿತ್ತು. ಒಳಗೆ ಮೊರಿಯೊನ ಬಟ್ಟೆ ಒಂದೂ ಇರಲಿಲ್ಲ. ಔಷಧಿ ಅಂಗಡಿಯವರ ಷರಟು, ಶಾಲೆಯ ಮೇಷ್ಟರ ಷರಟು, ಪಕ್ಕದ ಮನೆಯವಳ ಬಿಳಿ ಕುಪ್ಪಸ, ಎಲ್ಲಕ್ಕೂ ತಮ್ಮದೇ ಗುಲಾಬಿ ಚೀಟಿ, ತನ್ನದೇ ಕೈಯ ಮಡಿಕೆ. ಆಹಾ, ಹೆಂಗಸಿನ ವಿಷಯ ಅಲ್ಲ, ಗಿರಾಕಿಗಳನ್ನೇ ಬೇರೆಯವರಿಗೆ ಸಾಗಹಾಕುತ್ತಿದ್ದಾನೆ ಇವನು. ಹೊಟ್ಟೆಯ ಮೇಲೇ ಹೊಡೆದನಲ್ಲ ಎಂದುಕೊಂಡಳು.

"ಇವು ನಾನು ಮುಗಿಸಿದ ಬಟ್ಟೆ ಕಣ್ರೀ. ನಾನೇ ಕಲೆ ತೆಗೆದು, ನಾನೇ ಇಸ್ತ್ರಿ ಹಾಕಿದ್ದು. ಏನಾಗಿದೆ ಇವಕ್ಕೆ? ಬೆಳ್ಳಗೇ ಇದೆಯಲ್ಲ."

ಹಿಂದಿನಿಂದ ಹಬೆಯ ಯಂತ್ರ ಉಸ್ಸೆಂದಿತು. ಹಿಸಾನೊ ಮೇಷ್ಟರ ಷರಟು ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹೋದಳು. ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. ಬಿಳಿ. ಆದರೆ ಆ ಇಬ್ಬರ ಮೌನ ಬೇರೆಯೇ ಹೇಳುತ್ತಿತ್ತು. ಜೇಬುಗಳ ಮಾತು ಕೇಳಿ ಬದುಕಿದವಳಿಗೆ ಮೌನ ಅರ್ಥವಾಗದೆ ಇರುತ್ತದೆಯೇ? ಷರಟನ್ನು ತಂದು ಒಕಿಹಾರಾಳ ಮುಂದಿಟ್ಟಳು.

"ಎಲ್ಲಿದೆ ತೋರಿಸಮ್ಮ."

ಒಕಿಹಾರಾ ಆಕೆಯ ತೋರುಬೆರಳನ್ನು ಹಿಡಿದು, ಮೆತ್ತಗೆ ಕಾಲರಿನ ಒಳಮೈಗೆ ತಾಗಿಸಿದಳು. ಆಮೇಲೆ ಎದೆಯ ಹತ್ತಿರ, ಆಮೇಲೆ ಕಂಕುಳ ಕೆಳಗೆ. ಬೆರಳಿಗೆ ಗೊತ್ತಾಯಿತು. ಒಣಗಿ ಗಟ್ಟಿಯಾದ ಬೆವರಿನ ಅಂಚು, ನಿಂತುಹೋದ ಸಾರಿನ ಹನಿ. ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ.

"ನಮ್ಮತ್ತೆಗೂ ಹೀಗೇ ಆಗಿತ್ತು ಅಕ್ಕ," ಎಂದಳು ಒಕಿಹಾರಾ. "ಕಣ್ಣಿಗೆ ಪೊರೆ ಬಂದಿತ್ತು. ಹಳದಿ ಕಲೆ ಕಾಣ್ತಾನೇ ಇರ್ಲಿಲ್ಲ, ನೀಲಿಯೆಲ್ಲ ಹಸಿರು ಅನ್ನೋರು. ನಿಧಾನಕ್ಕೆ ಬರುತ್ತೆ ನೋಡಿ, ಬಂದವರಿಗೇ ಗೊತ್ತಾಗಲ್ಲ."

ಹಿಸಾನೊ ಗಂಡನ ಕಡೆ ತಿರುಗಿದಳು. ಎಷ್ಟು ದಿನದಿಂದ ಎಂದು ಕೇಳಿದಳು. ಮೊರಿಯೊ ಅಷ್ಟು ಉದ್ದ ಮಾತಾಡಿದ್ದನ್ನು ಆಕೆ ಅದಕ್ಕೆ ಮೊದಲು ಕೇಳಿರಲಿಲ್ಲ.

"ಶರತ್ಕಾಲದಲ್ಲಿ ಮೇಷ್ಟ್ರು ಷರಟು ತಂದು ನನ್ನ ಕೈಗೆ ಕೊಟ್ರು. ನಿಮ್ಮ ಮನೆಯವ್ರಿಗೆ ಹೇಳ್ಬೇಡಿ ಅಂದ್ರು. ಆಮೇಲೆ ಔಷಧಿ ಅಂಗಡಿಯವ್ರು, ಇನ್ನೂ ನಾಲ್ಕೈದು ಜನ. ಎಲ್ರೂ ಹಿಂದಿನ ಬಾಗಿಲಿಗೇ ಬಂದ್ರು ಕಣೆ, ಒಬ್ಬರೂ ಕೌಂಟರಿಗೆ ಬರ್ಲಿಲ್ಲ. ಒಬ್ಬರೂ ಲಾಂಡ್ರಿ ಬದಲಾಯಿಸ್ಲಿಲ್ಲ. ನಮ್ಮೂರಲ್ಲೇ ಎಲ್ಲಾದ್ರೂ ಕೊಟ್ರೆ ಸುದ್ದಿಯಾಗುತ್ತೆ, ಅದಕ್ಕೆ ಇಷ್ಟು ದೂರ ಬಂದೆ. ನಿಂಗೆ ಹೇಳೋಕೆ ನನ್ನ ಕೈಲಾಗ್ಲಿಲ್ಲ."

ಇನ್ನೊಬ್ಬ ಹೆಂಗಸು ಇದ್ದಿದ್ದರೇ ವಾಸಿಯಿತ್ತು ಎಂದು ಹಿಸಾನೊಗೆ ಅನ್ನಿಸಿತು. ಅದಕ್ಕೆ ಸಿದ್ಧವಾಗಿ ಬಂದಿದ್ದಳು, ಬೈಗುಳ ಇತ್ತು, ರೈಲಿನ ಹೊತ್ತು ಇತ್ತು. ಇದಕ್ಕೆ ಏನು ತಂದಿದ್ದಳು? ಊರಿನ ಗುಟ್ಟುಗಳನ್ನೆಲ್ಲ ತಾನು ಕಾಯುತ್ತಿದ್ದೇನೆ ಎಂದು ಆ ಕೌಂಟರಿನಲ್ಲಿ ಕುಳಿತಿದ್ದಳು. ಆರು ತಿಂಗಳಿಂದ ಊರೇ ಆಕೆಯ ಗುಟ್ಟು ಕಾಯುತ್ತಿತ್ತು. ನಾಚಿಕೆಯಿಂದ ಕತ್ತಿನವರೆಗೆ ಬಿಸಿಯೇರಿತು. ಮೊರಿಯೊನಿಗೆ ಒಂದು ಬಾರಿಸಿಬಿಡಬೇಕು ಎನ್ನಿಸಿತು, ಅವನ ಆ ತೂತು ಕಾಲುಚೀಲ ನೆನಪಾಗಿ ಅದೂ ಆಗಲಿಲ್ಲ. ಷರಟನ್ನು ಮಡಿಸತೊಡಗಿದಳು. ಕೈ ತಾನಾಗಿಯೇ ಮಡಿಸಿತು, ಒಂದು ಸುಕ್ಕಿಲ್ಲದೆ. ಮಡಿಸಿ ಒಕಿಹಾರಾಳ ಕಡೆ ಸರಿಸಿ, ಮುಂದಿನ ಗುರುವಾರಕ್ಕೆ ಬೇಕು, ಮೇಷ್ಟರಿಗೆ ಆ ಶನಿವಾರ ಸಮಾರಂಭವಿದೆ ಎಂದಳು.

ವ್ಯಾನಿನಲ್ಲಿ ಕುಳಿತಾಗ ಮೂರೂವರೆ. ನಿಲ್ದಾಣ ಎರಡು ಬೀದಿಯಾಚೆ. ಮೊರಿಯೊ ಕೀಲಿ ತಿರುಗಿಸದೆ ಕಾಯುತ್ತ ಕುಳಿತ. ರೈಲಿನ ವಿಷಯ ಅವನಿಗೆ ಗೊತ್ತಿರಲಿಲ್ಲ, ಆದರೂ ಕಾದ. ಹಿಸಾನೊ ಬೆಲ್ಟು ಎಳೆದು ಹಾಕಿಕೊಂಡಳು. ಎದುರಿನ ಗಾಜಿನಾಚೆ ಗುಡ್ಡದ ಮೇಲೆ ಕೋಟೆ, ಅದರ ಮೇಲೆ ಬೆಳಗಿನಿಂದ ಕಾಣುತ್ತಿದ್ದ ಅದೇ ಮಂಕು ಹಳದಿ.

"ರೀ," ಎಂದಳು. "ನಿಜ ಹೇಳಿ. ಇವತ್ತು ಮರಳು ಬಂದಿದೆಯಾ?"

ಮೊರಿಯೊ ಬಹಳ ಹೊತ್ತು ಆಕಾಶ ನೋಡಿದ.

"ಇಲ್ಲ ಕಣೆ," ಎಂದ. "ಬೆಳಿಗ್ಗೆಯಿಂದ ನೀಲಿಯಾಗೇ ಇದೆ."